ಹರಳೆಣ್ಣೆ ಕುಡಿಯುವ ಬುಗಾಟಿ

ಆ ಎಂಜಿನ್ನಿನ ಕೆಳಭಾಗ ಬಿಚ್ಚಿದ ದಿನ ಶೆಡ್ಡಿನ ತುಂಬ ನಮ್ಮಜ್ಜಿಯ ನೆನಪು. ತಮಾಷೆಯಲ್ಲ. ಹಬ್ಬದ ಎಣ್ಣೆಸ್ನಾನಕ್ಕೆ ಅವರು ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆಯದೇ ವಾಸನೆ. ನಾನು ನಿಂತಿದ್ದದ್ದು ಮಾತ್ರ ಇಂಗ್ಲೆಂಡಿನಲ್ಲಿ, ಹಳೇ ಕಾರುಗಳ ಒಂದು ವರ್ಕ್‌ಶಾಪಿನಲ್ಲಿ. ಎದುರಿಗಿದ್ದದ್ದು ಬುಗಾಟಿ ಟೈಪ್ 35, 1920ರ ದಶಕದ ರೇಸ್ ಕಾರು.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಒಂದು ಗ್ಯಾರೇಜಿನಲ್ಲಿ. ಎಂಜಿನ್ನಿಗೆ ಹರಳೆಣ್ಣೆ ಹಾಕ್ತಾರೆ ಅಂತ ಅಲ್ಲಿ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಆ ಕಾಲದ ರೇಸ್ ಎಂಜಿನ್ನುಗಳಿಗೆ ಅದು ಮಾಮೂಲಿ ಎಣ್ಣೆ. ಎಷ್ಟು ಬಿಸಿಯಾದರೂ ಲೋಹವನ್ನು ಬಿಟ್ಟುಕೊಡುವುದಿಲ್ಲ. ಓಡಿಸದೆ ನಿಲ್ಲಿಸಿದರೆ ಮಾತ್ರ ಗೋಂದಾಗುತ್ತದೆ. ಈ ಕಾರು ವರ್ಷಗಟ್ಟಲೆ ನಿಂತಿತ್ತು. ಸಾಲದ್ದಕ್ಕೆ ಯಾರೋ ಪುಣ್ಯಾತ್ಮರು ಅದರ ಮೇಲೇ ಸಾದಾ ಎಂಜಿನ್ ಆಯಿಲ್ ಸುರಿದಿದ್ದರು. ಎರಡೂ ಬೆರೆಯುವ ಜಾತಿಯಲ್ಲ. ತಳದಲ್ಲಿ ಕೆಟ್ಟ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಕೂತಿತ್ತು.

ನಾನು ಮಾಡಿದ ತಪ್ಪು ಇಲ್ಲೇ. ನಮ್ಮ ಕಡೆ ಯಾವ ಭಾಗ ಬಿಚ್ಚಿದರೂ ಮೊದಲು ಸೀಮೆಎಣ್ಣೆಯಲ್ಲಿ ತೊಳೆಯುವುದು ರೂಢಿ ಅಲ್ವಾ? ನಾನೂ ತೊಳೆದೆ. ಏರ್ ಹೊಡೆದೆ. ಹೊರಗೆ ಫಳಫಳ ಅಂತಿತ್ತು. ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಏನೂ ಮಾತಾಡದೆ ಒಂದು ಸಣ್ಣ ತಂತಿಯನ್ನು ಆಯಿಲ್ ಜೆಟ್ಟಿಗೆ, ಅಂದರೆ ಎಣ್ಣೆ ಚಿಮ್ಮುವ ಸಣ್ಣ ತೂತಿಗೆ, ತೂರಿಸಿದರು. ತಂತಿ ಅರ್ಧಕ್ಕೇ ನಿಂತಿತು. ಹರಳೆಣ್ಣೆಯ ಜಿಡ್ಡು ಸೀಮೆಎಣ್ಣೆಗೆ ಸುಲಭಕ್ಕೆ ಬಗ್ಗುವುದಿಲ್ಲ. ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ತೂತನ್ನು ತಂತಿಯಿಂದ ಕೆರೆದೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣಬೇಕು, ಅಲ್ಲಿಯವರೆಗೂ ಬಿಡಲಿಲ್ಲ.

ಒಂದು ತೂತಿಗೆ ಇಷ್ಟು ಗೋಳು ಯಾಕೆ ಅಂದರೆ, ಈ ಎಂಜಿನ್ನಿನ ಜೀವ ಇರುವುದೇ ಅಲ್ಲಿ. ಇಂದಿನ ಕಾರುಗಳಂತೆ ಜೋರು ಒತ್ತಡದಲ್ಲಿ ಎಣ್ಣೆ ನುಗ್ಗುವುದಿಲ್ಲ. ಜೆಟ್ಟಿನಿಂದ ಚಿಮ್ಮಿದ ಎಣ್ಣೆ ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟವಾಗಿಸುವ ದಂಡದ, ಪಕ್ಕದ ತೋಡಿಗೆ ಬೀಳುತ್ತದೆ. ಕ್ರ್ಯಾಂಕ್ ತಿರುಗುವ ರಭಸಕ್ಕೆ ಅದೇ ರೋಲರ್ ಬೇರಿಂಗುಗಳತ್ತ ಎಸೆಯಲ್ಪಡುತ್ತದೆ. ಎಣ್ಣೆ ಒತ್ತಡದ ಮೀಟರಿನಲ್ಲಿ ಮುಳ್ಳು ಮೇಲೇಳದಿದ್ದರೆ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ಆದರೆ ಒಂದು ಜೆಟ್ ಕಟ್ಟಿಕೊಂಡರೆ ಮುಗಿಯಿತು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಎಂಜಿನ್ನಿನ ಗೋಡೆ ಒಡೆದುಕೊಂಡು ಹೊರಗೆ ಬರುತ್ತದೆ.

ಹಿಂದಿನ ಟೈಪ್ 30ರಲ್ಲಿ ಕ್ರ್ಯಾಂಕಿಗೆ ಇದ್ದದ್ದು ಮೂರೇ ಮೇನ್ ಬೇರಿಂಗ್. 35ಕ್ಕೆ ಕಂಪನಿಯ ಒಡೆಯ ಎತ್ತೋರೆ ಬುಗಾಟಿ ಐದು ಕೊಟ್ಟರು, ಬಾಲ್ ಮತ್ತು ರೋಲರ್ ಎರಡೂ. ಎಂಟು ಸಿಲಿಂಡರ್, 1991 ಸಿಸಿ, ಸುಮಾರು 90 ಕುದುರೆಶಕ್ತಿ. 6000 ಆರ್‌ಪಿಎಂ ತಿರುಗಿದರೂ ತಡೆಯುತ್ತಿತ್ತು. ಅದಕ್ಕೆ ನಮ್ಮಂಥವರು ತೆರುವ ಬೆಲೆ ಬೇರೆ. ರಾಡ್ ಇಡೀ ತುಂಡು, ಕೆಳಗೆ ಬಿಚ್ಚಲು ಕ್ಯಾಪೇ ಇಲ್ಲ. ಹಾಗಾಗಿ ಕ್ರ್ಯಾಂಕನ್ನೇ ತುಂಡು ತುಂಡಾಗಿ ಬಿಚ್ಚಬೇಕು. ಮತ್ತೆ ಜೋಡಿಸಿ, ಕೂದಲೆಳೆಯಷ್ಟು ಸೊಟ್ಟವನ್ನೂ ತೋರಿಸುವ ಡಯಲ್ ಗೇಜ್ ಇಟ್ಟು, ಕೈಯಲ್ಲಿ ತಿರುಗಿಸಿ, ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ಮುಳ್ಳು ಅಲುಗಿದರೆ ಮತ್ತೆ ತಟ್ಟುವುದು. ನನಗೆ ಎರಡು ದಿನ ಹಿಡಿಯಿತು. ಸಿಲಿಂಡರ್ ಹೆಡ್ ಕೂಡ ಬ್ಲಾಕಿನ ಜೊತೆಗೇ ಎರಕವಾಗಿದೆ. ವಾಲ್ವ್ ಉಜ್ಜಬೇಕೆಂದರೂ ಇಡೀ ಬ್ಲಾಕ್ ಎತ್ತಬೇಕು. ಬುಗಾಟಿಯವರು ಎದುರಿಗಿದ್ದರೆ ಒಂದೆರಡು ಮಾತು ಅಂದೇಬಿಡುತ್ತಿದ್ದೆ.

ಈ ಮಾದರಿ ಮೊದಲ ಸಲ ಗ್ರ್ಯಾಂಡ್ ಪ್ರಿ ರೇಸಿಗೆ ಇಳಿದದ್ದು 1924ರ ಆಗಸ್ಟಿನಲ್ಲಿ, ಫ್ರಾನ್ಸಿನ ಲಿಯಾನ್ ಹತ್ತಿರ. ಅಲ್ಲಿ ಮರ್ಯಾದೆ ಹೋಯಿತು. ಟೈರುಗಳು ತಯಾರಾಗುವಾಗ ಸರಿಯಾಗಿ ಬೆಂದಿರಲಿಲ್ಲ, ಓಡುತ್ತಿದ್ದಂತೆ ಮೇಲಿನ ರಬ್ಬರು ಕಿತ್ತುಬಂತು. ಗೆದ್ದದ್ದು ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಇದ್ದ ಆಲ್ಫಾ ರೋಮಿಯೋ ಪಿ2. ಸೂಪರ್‌ಚಾರ್ಜರ್ ಅಂದರೆ ಮೋಸದಾಟ ಅನ್ನೋ ಧಾಟಿಯಲ್ಲಿದ್ದ ಬುಗಾಟಿ ಕೊನೆಗೆ 1926ರಲ್ಲಿ ತಾವೂ ಹಾಕಿಕೊಂಡರು. 2262 ಸಿಸಿಯ 35ಬಿ ಹುಟ್ಟಿದ್ದು ಹಾಗೆ.

ಆದರೆ ಬರೀ ಬಲದಲ್ಲಿ ಈ ಕಾರು ಗೆದ್ದಿತು ಅಂತ ನನಗೆ ಅನ್ನಿಸುವುದಿಲ್ಲ. ಚಕ್ರ ನೋಡಿ. ಅಲ್ಯೂಮಿನಿಯಂ ಎರಕ, ಎಂಟು ಚಪ್ಪಟೆ ಕಡ್ಡಿಗಳು. ಬ್ರೇಕ್ ಡ್ರಮ್ ಅದರ ಜೊತೆಗೇ ಎರಕವಾಗಿದೆ. ಚಕ್ರ ಎಳೆದರೆ ಡ್ರಮ್ಮೂ ಬರುತ್ತದೆ, ಬ್ರೇಕ್ ಶೂ ಕಣ್ಣೆದುರಿಗೇ ಇರುತ್ತದೆ. ಟೈರ್ ಬದಲಿಸುವ ಹೊತ್ತಿನಲ್ಲೇ ಬ್ರೇಕೂ ನೋಡಿದಂತಾಯಿತು. ಸಿಸಿಲಿಯ ಟಾರ್ಗಾ ಫ್ಲೋರಿಯೋ ರೇಸಿನಲ್ಲಿ ಆಗ ಒಂದು ಸುತ್ತು 108 ಕಿಲೋಮೀಟರ್, ಎಲ್ಲಾ ಬೆಟ್ಟದ ತಿರುವುಗಳೇ. ಅಲ್ಲಿ 1925ರಿಂದ 1929ರವರೆಗೆ ಐದು ವರ್ಷವೂ ಗೆದ್ದದ್ದು ಬುಗಾಟಿ. 1928ರಲ್ಲಿ ಚೆಕ್ ದೇಶದ ಎಲಿಷ್ಕಾ ಯುಂಕೋವಾ ಇದೇ ಮಾದರಿಯ ಕಾರಿನಲ್ಲಿ ಐದನೆಯವರಾಗಿ ಬಂದರು. ತಿರುವುಗಳನ್ನು ಮೊದಲೇ ನಡೆದು ನೋಡಿ ತಲೆಯಲ್ಲಿ ಇಟ್ಟುಕೊಂಡಿದ್ದರಂತೆ. ನನಗೆ ಅವರ ಮೇಲೆ ಗೆದ್ದವರಿಗಿಂತ ಜಾಸ್ತಿ ಗೌರವ.

1929ರ ಮೊದಲ ಮೊನಾಕೋ ರೇಸ್ ಗೆದ್ದದ್ದೂ ಹಸಿರು ಬಣ್ಣದ 35ಬಿ, ಓಡಿಸಿದ್ದು ವಿಲಿಯಮ್ಸ್. ಮರುವರ್ಷ ರೆನೆ ಡ್ರೇಫಸ್ ಪಕ್ಕದಲ್ಲೊಂದು ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್ ಕಟ್ಟಿಕೊಂಡು, ಎಲ್ಲೂ ನಿಲ್ಲದೆ ಓಡಿಸಿ, ಬುಗಾಟಿಯ ಸ್ವಂತ ತಂಡದ ಶಿರೋನನ್ನೇ ಹಿಂದೆ ಹಾಕಿದರು. ಪಕ್ಕಾ ಮೆಕ್ಯಾನಿಕ್ ಬುದ್ಧಿ!

ನಮ್ಮ ಕಾರು ಸಿದ್ಧವಾದ ಮೇಲೆ ಗ್ಲಾಸ್ಟರ್‌ಶೈರಿನಲ್ಲಿ ಗುಡ್ಡ ಹತ್ತುವ ರೇಸ್ ನಡೆಯುವ ಪ್ರೆಸ್ಕಾಟಿಗೆ ಒಯ್ದೆವು. ಅಲ್ಲಿ ಒಂದು ತಿರುವಿಗೆ ಎತ್ತೋರೆ ಅಂತಲೇ ಹೆಸರು. ಬೆಳಿಗ್ಗೆ ಚಳಿ. ಮೊದಲು ಕೈಪಂಪು ಒತ್ತಿ ಪೆಟ್ರೋಲ್ ಟ್ಯಾಂಕಿಗೆ ಗಾಳಿ ತುಂಬಿದೆ, ಆಮೇಲೆ ಹ್ಯಾಂಡಲ್ ಹಾಕಿ ತಿರುಗಿಸಿದೆ. ಮೂರನೇ ಸಲಕ್ಕೆ ಹಿಡಿಯಿತು. ಆದರೆ ಗೇರ್ ಹಾಕಿದ್ದೇ ತಡ, ಕ್ಲಚ್ ಒತ್ತಿದ್ದರೂ ಕಾರು ಸುಮ್ನೆ ಮುಂದಕ್ಕೆ ತೆವಳತೊಡಗಿತು.

ಇದರ ಕ್ಲಚ್ ಹಲವು ಬಿಲ್ಲೆಗಳದು, ಎಣ್ಣೆಯಲ್ಲೇ ಮುಳುಗಿರುತ್ತದೆ. ಎಣ್ಣೆ ಮಂದವಾದರೆ ಬಿಲ್ಲೆಗಳು ಅಂಟುತ್ತವೆ. ಅದಕ್ಕೆ ಬೆರೆಸುವುದು ಏನು ಗೊತ್ತಾ? ಸೀಮೆಎಣ್ಣೆ. ಜೆಟ್ ತೊಳೆಯಲು ನಾನು ಹಿಡಿದು ಪೆಚ್ಚಾಗಿದ್ದ ಅದೇ ಡಬ್ಬ. ಈ ಸಲ ಅದನ್ನು ತಂದುಕೊಟ್ಟವರು ಆ ಹಿರಿಯರೇ. ಹಳೇದನ್ನು ಬಸಿದು, ಇನ್ನಷ್ಟು ತೆಳುವಾಗಿ ಕಲಸಿ ಹಾಕಿದೆ. ಪೆಡಲ್ ಒತ್ತಿ ನೋಡಿದೆ. ಕಾರು ನಿಂತಲ್ಲೇ ನಿಂತಿತು.