‘ಮೂರು ತಿಂಗಳು ತಡೀರಿ’: ನನ್ನ ಅನುಭವ

ಐವಿಎಫ್‌ಗೆಂದು (ಪ್ರನಾಳ ಶಿಶು ಚಿಕಿತ್ಸೆಗೆ) ದುಡ್ಡು ಹೊಂದಿಸಿಕೊಂಡು ಬಂದವರಿಗೆ ‘ಮೂರು ತಿಂಗಳು ತಡೀರಿ, ಮೊದಲು ಸಕ್ಕರೆ ಇಳಿಸೋಣ’ ಅಂದರೆ ಎದ್ದು ಪಕ್ಕದ ಬೀದಿಗೆ ಹೋಗುತ್ತಾರೆ. ಮೊದಲ ವರ್ಷ ದಾವಣಗೆರೆಯ ನನ್ನ ಕ್ಲಿನಿಕ್‌ನಿಂದ ಹಾಗೆ ಹೋದ ಜೋಡಿಗಳು ಇಪ್ಪತ್ತಕ್ಕೆ ಕಡಿಮೆಯಿಲ್ಲ. ಒಂದು ಸೈಕಲ್‌ಗೆ, ಅಂದರೆ ಒಂದು ಸುತ್ತಿನ ಚಿಕಿತ್ಸೆಗೆ, ಒಂದೂವರೆ ಲಕ್ಷ ಅಂತ ನೀವೇ ಲೆಕ್ಕ ಹಾಕಿ. ಲ್ಯಾಬ್ ಸಾಲದ ಕಂತು ಮಾತ್ರ ತಪ್ಪದೆ ಬರುತ್ತಿತ್ತು. ‘ಮೇಡಂ, ನಾವೇನು ಶುಗರ್ ಕ್ಲಿನಿಕ್ ಇಟ್ಟಿದ್ದೀವಾ?’ ಅಂದ ಲ್ಯಾಬಿನಲ್ಲಿ ಭ್ರೂಣ ಬೆಳೆಸುವ ನಮ್ಮ ಎಂಬ್ರಿಯಾಲಜಿಸ್ಟ್.

ಮೊದಲು ಮೈ ಸರಿಯಾಗಲಿ, ಆಮೇಲೆ ಬಸಿರು ಅನ್ನುವ ಈ ಹಟ ಹುಟ್ಟಿದ್ದು ನನ್ನದೇ ತಪ್ಪಿನಿಂದ. ಮೂವತ್ತೆಂಟರ ಒಬ್ಬಾಕೆಯ ಎಎಂಎಚ್ (ಉಳಿದ ಅಂಡಾಣುಗಳ ಅಂದಾಜು ಕೊಡುವ ರಕ್ತಪರೀಕ್ಷೆ), ಟ್ಯೂಬು, ಗಂಡನ ವೀರ್ಯದ ಕೌಂಟು ಎಲ್ಲ ನೋಡಿದ್ದೆ. ಬಿಪಿಗೆ, ಹೊಟ್ಟೆಯಲ್ಲಿನ ಮಗುವಿಗೆ ಕೇಡು ಮಾಡಬಹುದಾದ ಟೆಲ್ಮಿಸಾರ್ಟಾನ್ ನುಂಗುತ್ತಿದ್ದದ್ದನ್ನು ಕೇಳಿರಲಿಲ್ಲ. ಆರು ವಾರದ ಸ್ಕ್ಯಾನ್ ದಿನ ವ್ಯಾನಿಟಿ ಬ್ಯಾಗಿನಿಂದ ಮಾತ್ರೆಯ ಸ್ಟ್ರಿಪ್ ಕೆಳಗೆ ಬಿತ್ತು. ಆಗಲೇ ಬಸಿರಿನಲ್ಲೂ ಕೊಡುವ ಲ್ಯಾಬಿಟಲಾಲ್‌ಗೆ ಬದಲಿಸಿದೆ. ಮಗು ಚೆನ್ನಾಗಿದೆ, ಹೆರಿಗೆವರೆಗೂ ನನ್ನ ನಿದ್ದೆ ಕೆಟ್ಟಿತ್ತು. ಅವತ್ತಿನಿಂದ ಮಾತ್ರೆಯ ಹೆಸರು ಕೇಳುವುದಿಲ್ಲ, ಮನೆಯ ಡಬ್ಬಿಯನ್ನೇ ತರಿಸುತ್ತೇನೆ. ಕೊಲೆಸ್ಟರಾಲ್‌ನ ಸ್ಟ್ಯಾಟಿನ್ ಸಿಕ್ಕಿದೆ, ಒಮ್ಮೆ ಸಕ್ಕರೆಗೂ ತೂಕಕ್ಕೂ ಕೊಡುವ ಸೆಮಾಗ್ಲುಟೈಡೂ ಸಿಕ್ಕಿತು. ಸೆಮಾಗ್ಲುಟೈಡ್ ನಿಲ್ಲಿಸಿ, ಬಸಿರಿಗೆ ಎರಡು ತಿಂಗಳಾದರೂ ಕಾಯಬೇಕು.

ಡಯಟ್ ಶೀಟ್ ಅಚ್ಚು ಹಾಕಿಸಿದ್ದಕ್ಕೆ ಎಂಟು ಸಾವಿರ ಹೋಯಿತು. ಅದರಲ್ಲೇ ಮೆಂತ್ಯ ಕಟ್ಟಿಕೊಂಡು ಬಂದವರನ್ನೂ ಕಂಡೆ. ಜಿಮ್‌ನವರ ಜತೆ ಮಾತಾಡಿದೆ; ಸೊಸೆಯನ್ನು ಕಳಿಸಲು ಯಾವ ಅತ್ತೆಯೂ ಒಪ್ಪಲಿಲ್ಲ. ಕೊನೆಗೆ ಕೈಹಿಡಿದದ್ದು ಗ್ಲುಕೋಮೀಟರ್. ಮೊದಲು ನನ್ನ ಬೆರಳಿಗೇ ಚುಚ್ಚಿಕೊಂಡೆ. ಎರಡು ರಾಗಿಮುದ್ದೆ ಉಂಡ ಒಂದು ಗಂಟೆಗೆ 170 ದಾಟಿತು. ಮೊದಲು ಕಾಳುಪಲ್ಯ ತಿಂದು ಒಂದೇ ಮುದ್ದೆ ಉಂಡ ದಿನ 135ರ ಆಸುಪಾಸು. ಮಂಡಕ್ಕಿಯ ಅಂಕಿ ಹೇಳಿದರೆ ಊರವರು ಬೈದಾರು. ಈಗ ಬಂದವರ ಕೈಗೂ ಮೀಟರ್ ಕೊಟ್ಟು, ತಮ್ಮ ತಟ್ಟೆಯನ್ನು ತಾವೇ ಪರೀಕ್ಷಿಸಿ ಅನ್ನುತ್ತೇನೆ. ಒಬ್ಬಾಕೆಯ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ಸುಮಾರು 9 ಇದ್ದದ್ದು ಐದು ತಿಂಗಳಲ್ಲಿ 6.3ಕ್ಕೆ ಬಂತು, ಸಕ್ಕರೆಯ ಮಾತ್ರೆ ಮೆಟ್‌ಫಾರ್ಮಿನ್ ಜತೆಗಿತ್ತು ಅನ್ನಿ. 6.5ರ ಕೆಳಗೆ ಬರುವ ತನಕ ನಾನು ಭ್ರೂಣ ಇಡುವುದಿಲ್ಲ. ವಯಸ್ಸು ಮೀರಿದವರಿಗೆ, ಎಎಂಎಚ್ ತಳ ಮುಟ್ಟಿದವರಿಗೆ ಕಾಯಿಸುವುದು ತಪ್ಪು. ಅಂಥವರ ಭ್ರೂಣ ಮೊದಲು ಫ್ರೀಜ್ ಮಾಡಿ, ಸಕ್ಕರೆಯ ಕೆಲಸ ಆಮೇಲೆ. ಅತ್ತೆಯರನ್ನು ದಾರಿಗೆ ತಂದದ್ದು ಹೇಗೆ ಅನ್ನುವುದು ನನ್ನ ಅಂಗಡಿಯ ಗುಟ್ಟು.

ಎಕೋ, ಅಂದರೆ ಹೃದಯದ ಸ್ಕ್ಯಾನ್, ಎಲ್ಲರಿಗೂ ಬೇಡ. ಆದರೆ ಸ್ಟೆತಾಸ್ಕೋಪ್ ಇಡುವುದನ್ನೇ ನಮ್ಮವರು ಮರೆತಿದ್ದಾರೆ. ಬೇರೆಡೆ ಎರಡು ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಸೋತು ಬಂದ ಇಪ್ಪತ್ತೇಳರ ಹುಡುಗಿಗೆ ನಮ್ಮ ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದರಂತೆ. ಎಕೋದಲ್ಲಿ ಹೃದಯದ ಮೈಟ್ರಲ್ ಕವಾಟ ಕಿರಿದಾಗಿತ್ತು, ಚಿಕ್ಕಂದಿನ ಕೀಲುನೋವಿನ ಜ್ವರದ ಫಲ. ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾದಾಗ ಆ ಸಂದಿಯಲ್ಲಿ ಹಾಯುವುದು ಹೇಗೆ? ಬೆಂಗಳೂರಿನ ಜಯದೇವದಲ್ಲಿ ಬಲೂನ್ ಹಾಕಿಸಿ ಕವಾಟ ಅಗಲಿಸಿಕೊಂಡು ಬಂದಳು. ಮರುವರ್ಷ ಐಯುಐಗೇ ಬಸಿರು ನಿಂತಿತು.

ತೂಕ ಐದಾರು ಕೆಜಿ ಇಳಿದು, ಮುಟ್ಟು ಸರಿಹೋಗಿ, ಸರದಿ ಬರುವ ಮೊದಲೇ ತಾವಾಗಿ ಬಸಿರಾದವರು ಹತ್ತು ಹನ್ನೆರಡು ಮಂದಿ. ಅಷ್ಟೂ ಬಿಲ್ಲು ಖೋತಾ. ಆದರೆ ಅವರು ಕಳಿಸಿದ ಅಕ್ಕತಂಗಿಯರಿಂದಲೇ ಈಗ ಕಂತು ಕಟ್ಟುತ್ತಿದ್ದೇನೆ.

ಸದ್ಯ ಗಂಡಂದಿರ ಸೊಂಟ ಅಳೆಯುತ್ತಿದ್ದೇನೆ. ಟೇಪು ಕಂಡ ತಕ್ಷಣ ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಹಾಗಾಗಿ ಎರಡು ಸಲ ಅಳೆಯಬೇಕು.