ಡೊಂಬಿವ್ಲಿಯ ಹಾಲ್‌ನಲ್ಲಿ ಕೈಮರ ನೆಟ್ಟ ಬಗೆ

ಮಾದರಿ ರೈಲು ನಿಲ್ದಾಣ ಕಟ್ಟುವವರಲ್ಲಿ ಹೆಚ್ಚಿನವರು ಸಿಗ್ನಲ್‌ಗಳನ್ನು ಕೊನೆಗೆ ನೆಡುತ್ತಾರೆ. ಹಳಿ, ಪ್ಲಾಟ್‌ಫಾರ್ಮ್, ಬೇವಿನ ಮರ, ಚಹಾದ ಗಾಡಿ ಎಲ್ಲ ಮುಗಿದ ಮೇಲೆ ಖಾಲಿ ಕಂಡಲ್ಲಿ ಒಂದೊಂದು ಕಂಬ. ನಾನು ಹಳಿಗೆ ಮೊಳೆ ಹೊಡೆಯುವ ಮೊದಲೇ ಸಿಗ್ನಲ್‌ಗಳ ಜಾಗ ಗುರುತಿಸಿಕೊಂಡೆ. ನಮ್ಮ ಹಾಲ್‌ನ ಗೋಡೆಗುಂಟ ಸಿಕ್ಕ ಹಲಗೆ 3.6 ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ. ಮುಂಬೈ ಬಳಿಯ ಡೊಂಬಿವ್ಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇದಕ್ಕಿಂತ ಹೆಚ್ಚು ಕೇಳಿದರೆ ಮನೆಯಲ್ಲಿ ನನಗೇ ಕೆಂಪು ಸಿಗ್ನಲ್.

ನಿಲ್ದಾಣ ಕಾಲ್ಪನಿಕ. ಗದಗ–ಹೋಟಗಿ ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದ್ದು, ಆದರೆ ಆ ಮಾರ್ಗದ ಯಾವ ಊರೂ ಅಲ್ಲ. ಅಳತೆ 1:87, ಹಳಿಯ ಎರಡು ಕಂಬಿಗಳ ನಡುವೆ 12 ಮಿಲಿಮೀಟರ್. 87ರಿಂದ ಗುಣಿಸಿದರೆ 1,044 ಮಿಲಿಮೀಟರ್ ಬರುತ್ತದೆ, ಕಂಬಿಗಳ ನಡುವೆ ಒಂದು ಮೀಟರ್ ಇರುವ ಮೀಟರ್ ಗೇಜಿಗೆ ಇಷ್ಟು ಹತ್ತಿರವಾದರೆ ಸಾಕು. ಒಂಟಿ ಮಾರ್ಗ, ನಡುವೆ ಮೇನ್ ಲೈನ್, ಪಕ್ಕದಲ್ಲಿ ಗಾಡಿ ಸರಿದು ನಿಲ್ಲಲು, ಎರಡೂ ತುದಿಯಲ್ಲಿ ಮೇನ್ ಲೈನಿಗೇ ಸೇರುವ ಒಂದು ಲೂಪ್. ಸಿಗ್ನಲ್‌ಗಳು ಕಂಬದ ಕೈ ಕೆಳಗಿಳಿಯುವ ಹಳೆಯ ಬಗೆಯ ಕೈಮರಗಳು: ಕೈ ಅಡ್ಡಲಾಗಿದ್ದರೆ ನಿಲ್ಲು, ಕೆಳಗಿಳಿದಿದ್ದರೆ ಹೋಗು.

ನಮ್ಮ ಮೇಲಿನ ಮಹಡಿಯಲ್ಲಿ ವಿಜಯಪುರದ ಕಡೆಯ ಹಿರಿಯರೊಬ್ಬರಿದ್ದಾರೆ. ರೈಲ್ವೆಯಲ್ಲಿ ಚಾಲಕರಾಗಿದ್ದು ನಿವೃತ್ತರಾದವರು, ನಮಗೆಲ್ಲ ಕಾಕಾ. ಕಾಗದದಲ್ಲಿ ಕತ್ತರಿಸಿದ ಕಂಬಗಳನ್ನು ಹಲಗೆಯ ಮೇಲೆ ನಿಲ್ಲಿಸಿಕೊಂಡು ಕೂತಿದ್ದಾಗ ಬಂದು, ಒಂದೊಂದರ ಮೇಲೂ ಬೆರಳಿಟ್ಟು ಕೇಳಿದ್ದು ಒಂದೇ ಪ್ರಶ್ನೆ: “ತಮ್ಮಾ, ಇದು ಯಾವ ಗಾಡಿಗೆ? ಏನು ಹೇಳುತ್ತದೆ?” ಉತ್ತರ ಕೊಡಲಾಗದ ಕಂಬವನ್ನು ತೆಗೆದಿಡುವುದು ಎಂದು ಅಲ್ಲೇ ತೀರ್ಮಾನವಾಯಿತು.

ನಿಜವಾದ ಅಂತರಗಳು ಯಾರ ಮನೆಯಲ್ಲೂ ಹಿಡಿಸುವುದಿಲ್ಲ. ಬರುವ ಗಾಡಿಗೆ ಮೊದಲು ಸಿಗುವ ನಿಲುಗಡೆ ಸಿಗ್ನಲ್ ಔಟರ್. ಅದರ ಆಚೆಗೆ ತೆರವಾಗಿ ಕಾಯ್ದುಕೊಳ್ಳಬೇಕಾದ ಹಳಿ, ಅಂದರೆ ಬ್ಲಾಕ್ ಓವರ್‌ಲ್ಯಾಪ್, ಈ ಬಗೆಯ ನಿಲ್ದಾಣದಲ್ಲಿ 400 ಮೀಟರ್. 1:87ರಲ್ಲಿ ಅದು 4.6 ಮೀಟರ್, ಅಂದರೆ ನನ್ನ ಹಲಗೆ ಮುಗಿದು ಪಕ್ಕದ ಮನೆ ಶುರುವಾಗಿರುತ್ತದೆ. ಆದ್ದರಿಂದ ಅಂತರವನ್ನು ಕುಗ್ಗಿಸಿದೆ, ಸರದಿಯನ್ನು ಕೆಡಿಸಲಿಲ್ಲ. ಬರುವ ಗಾಡಿಗೆ ಮೊದಲು ಔಟರ್, ಅದೇ ಕಂಬದಲ್ಲಿ ಕೆಳಗೆ, ನಿಲ್ಲದೆ ಹಾದುಹೋಗಬಹುದೇ ಎಂದು ಮುಂಚೆಯೇ ತಿಳಿಸುವ ತುದಿ ಸೀಳಿದ ಕೈ ವಾರ್ನರ್, ಆಮೇಲೆ ನಿಲ್ದಾಣದೊಳಕ್ಕೆ ಬಿಡುವ ಹೋಮ್, ಅದಾದ ಮೇಲೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್, ಪ್ಲಾಟ್‌ಫಾರ್ಮಿನ ಆಚೆ ತುದಿಯಲ್ಲಿ ಹೊರಡಲು ಅನುಮತಿ ಕೊಡುವ ಸ್ಟಾರ್ಟರ್.

ಕುಗ್ಗಿಸಬಾರದ ಜಾಗವೂ ಒಂದಿದೆ, ಅದು ಸ್ಟಾರ್ಟರ್‌ನದು. ಲೂಪಿನಲ್ಲಿ ನಿಂತ ಗಾಡಿಯ ಮೂತಿ ಮೇನ್ ಲೈನಿನ ಗಾಡಿಗೆ ತಾಗದಂತೆ ಇರಬೇಕಾದ ಗಡಿಯೇ ಫೌಲಿಂಗ್ ಮಾರ್ಕ್. ಸ್ಟಾರ್ಟರ್ ಅದಕ್ಕಿಂತ ಹಿಂದೆ ನಿಲ್ಲಬೇಕು. ಇದನ್ನು ಪುಸ್ತಕದ ಅಳತೆಯಿಂದ ಹುಡುಕುವುದಕ್ಕಿಂತ ಗಾಡಿಯಿಂದಲೇ ಹುಡುಕುವುದು ವಾಸಿ. ನನ್ನಲ್ಲಿರುವ ಅತಿ ಉದ್ದದ ಬೋಗಿಯನ್ನು ಮೇನ್ ಲೈನಿನಲ್ಲಿ ಪಾಯಿಂಟ್ಸ್ ಮೇಲೆ ಹಿಂದೆ ಮುಂದೆ ಓಡಿಸುತ್ತ, ಲೂಪಿನಲ್ಲಿ ಇನ್ನೊಂದನ್ನು ಇಷ್ಟಿಷ್ಟೇ ಹಿಂದಕ್ಕೆ ಸರಿಸಿದೆ. ಎರಡರ ಮೂಲೆಗಳ ನಡುವೆ ಒಂದು ಬೆಂಕಿಕಡ್ಡಿ ಸಲೀಸಾಗಿ ಹಾಯುವಷ್ಟು ಸಂದು ಬಂದಲ್ಲಿ ಪೆನ್ಸಿಲ್ ಗೆರೆ.

ಹಳಿಗೆ ಮೊದಲೇ ಸಿಗ್ನಲ್ ಯೋಚಿಸಿದ್ದರ ಫಲ ಸಿಕ್ಕಿದ್ದು ಇಲ್ಲೇ. ಸಿಗ್ನಲ್ ತನ್ನ ಹಳಿಯ ಎಡಕ್ಕಿರಬೇಕು. ಚಾಲಕ ನೋಡುವಾಗ ಕೈ ಕಂಬದಿಂದ ಎಡಕ್ಕೆ ಚಾಚಿರಬೇಕು. ಹಾಗಾಗಿ ಒಂದು ತುದಿಯಲ್ಲಿ ಮೇನ್ ಲೈನಿನ ಸ್ಟಾರ್ಟರ್, ಇನ್ನೊಂದು ತುದಿಯಲ್ಲಿ ಲೂಪಿನ ಸ್ಟಾರ್ಟರ್ ಎರಡು ಹಳಿಗಳ ನಡುವೆಯೇ ಬಂದವು. ಬರಿಯ ಕಂಬವಾದರೆ ಹೇಗೋ ತೂರಿಸಬಹುದು, ಆದರೆ ಅದಕ್ಕೆ ಏಣಿ ಬೇಕು, ಬುಡದಲ್ಲಿ ತೂಕದ ಸನ್ನೆಕೋಲು ಬೇಕು. 45 ಮಿಲಿಮೀಟರ್ ಇಟ್ಟುಕೊಂಡಿದ್ದ ಹಳಿಗಳ ಅಂತರವನ್ನು ಆ ತುದಿಗಳಲ್ಲಿ 55ಕ್ಕೆ ಹಿಗ್ಗಿಸಿದೆ. ಹಳಿ ಕೂರಿಸಿ ಜಲ್ಲಿ ಅಂಟಿಸಿದ ಮೇಲೆ ಈ ಕೆಲಸಕ್ಕೆ ಕೈ ಹಾಕುವ ಧೈರ್ಯ ನನಗಂತೂ ಇಲ್ಲ.

ಸ್ಟಾರ್ಟರ್ ಆಚೆಗೂ ಒಂದು ತೊಡಕಿತ್ತು. ಗಾಡಿಯನ್ನು ಲೂಪಿಗೆ ಒಳಬಿಡಬೇಕಾದರೆ ಸ್ಟಾರ್ಟರ್‌ನಿಂದ ಮುಂದೆ 180 ಮೀಟರ್ ತೆರವಿರಬೇಕು, ಗಾಡಿ ಸ್ವಲ್ಪ ಜಾರಿದರೂ ಅನಾಹುತವಾಗದಿರಲಿ ಎಂದು. ಮಾದರಿಯಲ್ಲಿ ಅದು ಎರಡು ಮೀಟರಿಗೂ ಹೆಚ್ಚು. ಇದಕ್ಕೆ ರೈಲ್ವೆಯೇ ಪರಿಹಾರ ಇಟ್ಟಿದೆ: ಅಷ್ಟು ಜಾಗವಿಲ್ಲದ ಕಡೆ ಲೂಪಿನ ತುದಿಯಿಂದ ಮರಳು ಮುಚ್ಚಿದ ಒಂದು ಕುರುಡು ಹಳಿ, ಸ್ಯಾಂಡ್ ಹಂಪ್. ಎರಡೂ ತುದಿಯಲ್ಲಿ ಅಂಗೈಯಗಲದ ಒಂದೊಂದು ಹಂಪ್ ಕಟ್ಟಿ, ಜರಡಿ ಹಿಡಿದ ಮರಳು ಸುರಿದೆ. ಬಂದವರೆಲ್ಲ ಮೊದಲು ಕೇಳುವುದು ಅದನ್ನೇ.

ಹೋಮ್ ಸಿಗ್ನಲ್ ಪಾಯಿಂಟ್ಸ್‌ಗಿಂತ ಹೊರಗೆ, ಸುಮಾರು ಒಂದು ಬೋಗಿಯಷ್ಟು ದೂರ. ಒಂದೇ ಕಂಬದ ಮೇಲೆ ಅಡ್ಡಪಟ್ಟಿ, ಅದರ ಮೇಲೆ ಎರಡು ಕೈ. ಮೇನ್ ಲೈನಿನದು ಎತ್ತರ, ಲೂಪಿನದು ಗಿಡ್ಡ. ಬಾಲ್ಕನಿ ಕಡೆಯ ಔಟರ್‌ಗೆ ಜಾಗವೇ ಉಳಿಯಲಿಲ್ಲ. ಆದರೆ ಅದರ ಲಿವರ್ ಸಿಗ್ನಲ್ ಆಡಿಸುವ ನನ್ನ ಪುಟ್ಟ ಕ್ಯಾಬಿನ್‌ನಲ್ಲಿದೆ, ಜೊತೆಗೆ ಒಂದು ದೀಪ. ನಿಜವಾದ ಕ್ಯಾಬಿನ್‌ಗಳಲ್ಲೂ ಕಣ್ಣಿಗೆ ಕಾಣದ ಸಿಗ್ನಲ್‌ನ ಸ್ಥಿತಿ ತೋರಿಸಲು ರಿಪೀಟರ್ ಇರುತ್ತದೆ, ಆದ್ದರಿಂದ ಇದು ಕಳ್ಳದಾರಿಯಲ್ಲ. ಅಡುಗೆಮನೆ ಕಡೆಯ ಔಟರ್ ಮಾತ್ರ ಬಾಗಿಲಿಗೆ ಅಡ್ಡಲಾಗಿ ಇಳಿಬಿಡುವ ಮಡಚು ಹಲಗೆಯ ಮೇಲಿದೆ. ಅನ್ನದ ಪಾತ್ರೆ ಹೊರಬರುವ ಹೊತ್ತಿಗೆ ಅದನ್ನು ಕಿತ್ತಿಡಬೇಕು. ಹೀಗಾಗಿ ಎಲ್ಲ ಕಂಬಗಳನ್ನೂ ಚೌಕ ಕೊಳವೆಯಲ್ಲಿ ಇಳಿದು ಕೂರುವಂತೆ, ಬೇಕೆಂದಾಗ ಎತ್ತಿಡುವಂತೆ ಮಾಡಿದ್ದೇನೆ.

ಜಾಗ ಪಕ್ಕಾ ಮಾಡುವ ಮುನ್ನ ಮೊಬೈಲನ್ನು ಒಂದು ಚಪ್ಪಟೆ ವ್ಯಾಗನ್ ಮೇಲೆ ಕಟ್ಟಿ ವಿಡಿಯೊ ತೆಗೆದೆ. ಚಾಲಕನ ಕಣ್ಣು ಹಳಿಯಿಂದ ಎರಡೂವರೆ ಮೀಟರ್ ಮೇಲಿದೆ ಎಂದಿಟ್ಟುಕೊಂಡರೆ ಮಾದರಿಯಲ್ಲಿ 3 ಸೆಂಟಿಮೀಟರ್. ಕ್ಯಾಮೆರಾ ಅಷ್ಟೇ ಎತ್ತರದಲ್ಲಿರಬೇಕು. ಮೇಲಿನಿಂದ ನೋಡುವಾಗ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ವಿಡಿಯೊದಲ್ಲಿ ನೀರಿನ ಟ್ಯಾಂಕಿನ ಹಿಂದೆ ಮೇನ್ ಲೈನಿನ ಸ್ಟಾರ್ಟರ್ ಪೂರ್ತಿ ಮಾಯ. ಕಾಕಾ ಅದನ್ನು ನೋಡಿ, “ಟ್ಯಾಂಕ್ ಸರಿಸು. ಸಿಗ್ನಲ್‌ಗೆ ಅಡ್ಡ ಬಂದ ಮರವನ್ನೂ ಕಡಿಸುತ್ತಿದ್ದೆವು” ಎಂದರು. ಟ್ಯಾಂಕ್ ಸರಿಯಿತು.

ಕೈಗಳು ತೆಳು ಪಿತ್ತಳೆ ತಗಡಿನವು, 14 ಮಿಲಿಮೀಟರ್ ಉದ್ದ. ಮುಂದೆ ಕೆಂಪು ಬಣ್ಣ, ತುದಿಯ ಬಳಿ ಬಿಳಿ ಪಟ್ಟಿ. ಹಿಂದೆ ಬಿಳಿ, ಅದರ ಮೇಲೆ ಕಪ್ಪು ಪಟ್ಟಿ. ಹಲಗೆಯ ಮುಂದೆ ಒಂದು ತುದಿಯಲ್ಲಿ ನಿಂತು ನೋಡಿದರೆ ಅರ್ಧದಷ್ಟು ಸಿಗ್ನಲ್‌ಗಳ ಬೆನ್ನೇ ಕಾಣುವುದರಿಂದ ಹಿಂಬದಿಗೂ ಅಷ್ಟೇ ಶ್ರದ್ಧೆ ಬೇಕು. ಹಸಿರು ಗಾಜಿನ ವಿಷಯದಲ್ಲಿ ಹೆಚ್ಚಿನ ಮಾದರಿಗಳು ಎಡವುತ್ತವೆ ಎಂದು ನನ್ನ ಅಭಿಪ್ರಾಯ. ಹಳೆಯ ಸಿಗ್ನಲ್‌ಗಳ ಒಳಗೆ ಉರಿಯುತ್ತಿದ್ದದ್ದು ಸೀಮೆಎಣ್ಣೆ ದೀಪ. ಅದರ ಹಳದಿ ಬೆಳಕು ಹಸಿರಾಗಿ ಕಾಣಲೆಂದು ಗಾಜನ್ನು ನೀಲಿ ಬೆರೆತ ಹಸಿರಾಗಿ ಮಾಡುತ್ತಿದ್ದರು. ಅಂಥ ಗಾಜಿನ ಹಿಂದೆ ಬಿಳಿಚು ಎಲ್‌ಇಡಿ ಇಟ್ಟರೆ ನೀಲಿಯೇ ಎದ್ದು ಕಾಣುತ್ತದೆ. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳದಿ ಛಾಯೆಯ ಸಣ್ಣ ಎಲ್‌ಇಡಿಗಳನ್ನೇ ಕೇಳಿ ತಂದೆ. ಗಾಜಿಗೆ ಬಳಿಯುವ ಬಣ್ಣದಲ್ಲಿ ಹಸಿರಿಗೆ ನೀಲಿಯ ಒಂದು ಹನಿ ಬೆರೆಸಿದೆ. ಹಗಲಲ್ಲಿ ನೀಲಿ, ದೀಪ ಹಚ್ಚಿದರೆ ಹಸಿರು.

ಕೈ ಆಡಿಸಲು ಹಲಗೆಯ ಕೆಳಗೆ, ಹೇಳಿದಷ್ಟೇ ತಿರುಗಿ ನಿಲ್ಲುವ ಪುಟ್ಟ ಎಸ್‌ಜಿ90 ಸರ್ವೊ ಮೋಟಾರುಗಳು, ಮೇಲಕ್ಕೆ ಸಣ್ಣ ಉಕ್ಕಿನ ತಂತಿ. ಇಳಿಯುವಾಗ ನಿಧಾನ, ಮೇಲೇರಿ ನಿಲ್ಲುವಾಗ ಒಮ್ಮೆ ತುಸು ಕುಲುಕುವಂತೆ ಪ್ರೋಗ್ರಾಂ ಬರೆದಿದ್ದೇನೆ. ಅದೇ ಪ್ರೋಗ್ರಾಂನಲ್ಲಿ ಕೆಲವು ಕಟ್ಟುಪಾಡುಗಳಿವೆ: ಪಾಯಿಂಟ್ಸ್ ಲೂಪಿಗೆ ತಿರುಗಿದ್ದರೆ ಮೇನ್ ಲೈನಿನ ಹೋಮ್ ಇಳಿಯದು, ಔಟರ್, ಹೋಮ್, ಸ್ಟಾರ್ಟರ್ ಮೂರೂ ಇಳಿಯದೆ ವಾರ್ನರ್ ಇಳಿಯದು, ಏಕೆಂದರೆ ವಾರ್ನರ್ ಇಳಿದರೆ ಚಾಲಕ ಈ ನಿಲ್ದಾಣದಲ್ಲಿ ನಿಲ್ಲದೆ ಓಡುತ್ತಾನೆ. ಲಿವರ್‌ಗಳ ಬಣ್ಣವೂ ವಾಡಿಕೆಯಂತೆ: ನಿಲುಗಡೆಯ ಸಿಗ್ನಲ್‌ಗಳಿಗೆ ಕೆಂಪು, ವಾರ್ನರ್‌ಗೆ ಹಸಿರು, ಪಾಯಿಂಟ್ಸ್‌ಗೆ ಕಪ್ಪು.

ಸರ್ವೊಗಳಿಗೆ ಬೇರೆ ಸ್ವಿಚ್ ಇಡುವುದು ಒಳ್ಳೆಯದು. ಕೆಲಸವಿಲ್ಲದಾಗಲೂ ವಿದ್ಯುತ್ ಹರಿಯುತ್ತಿದ್ದರೆ ಅವು ಗುಂಯ್‌ಗುಡುತ್ತವೆ, ಪಕ್ಕದಲ್ಲೇ ಟಿ.ವಿ. ನೋಡುವವರು ಅದನ್ನು ಸಹಿಸುವುದಿಲ್ಲ. ಮಳೆಗಾಲಕ್ಕೆ ಮುನ್ನ ಕೊಳವೆಗಳ ಒಳಮೈಗೆ ಮೇಣ ಸವರುತ್ತೇನೆ. ಪ್ಲೈವುಡ್ ತೇವ ಹೀರಿ ಉಬ್ಬಿದಾಗ ಕಂಬ ಒಳಗೇ ಕಚ್ಚಿಕೊಂಡರೆ ಎಳೆಯುವ ರಭಸಕ್ಕೆ ಏಣಿಯೇ ಕೈಗೆ ಬರುತ್ತದೆ.