ಕೆಂಗೇರಿಯ ಫ್ಲ್ಯಾಟು ನನ್ನ ಹೆಸರಿಗೆ ಬಂದ ಬಗೆ

ನಾನು, ನನ್ನ ಗಂಡ ಪರಸ್ಪರ ಒಪ್ಪಿಯೇ ಬೇರೆಯಾದೆವು. ಜಗಳವೆಲ್ಲ ಅದಕ್ಕೆ ಮುಂಚೆಯೇ ಮುಗಿದಿತ್ತು. ಉಳಿದದ್ದು ಕೆಂಗೇರಿಯ ಎರಡು ಬೆಡ್‌ರೂಮಿನ ಫ್ಲ್ಯಾಟು ಮತ್ತು ಅದರ ಸಾಲ. ಎರಡೂ ಜಂಟಿ ಹೆಸರಿನಲ್ಲಿದ್ದವು.

ಡೈವೋರ್ಸ್ ಆದರೆ ಆಸ್ತಿ ಅರ್ಧ ಅರ್ಧ ಅಂತ ನಾನೂ ನಂಬಿದ್ದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ನಿಯಮವೇ ಇಲ್ಲ. ಪತ್ರದಲ್ಲಿ ಯಾರ ಹೆಸರಿದೆ, ದುಡ್ಡು ಯಾರು ಹಾಕಿದರು ಅನ್ನುವುದರ ಮೇಲೆ ಮಾತು ನಡೆಯುತ್ತದೆ. ತವರಿನ ಒಡವೆ ಸ್ತ್ರೀಧನ, ಅದು ಪಾಲಿಗೆ ಬರುವುದಿಲ್ಲ. ಹಾಗಾಗಿ ಮೊದಲು ಮನೆ ಕೊಂಡಾಗಿನಿಂದ ಇದ್ದ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನೆಲ್ಲ ತೆಗೆಸಿದೆ.

ಮನೆಯ ಬೆಲೆ 58 ಲಕ್ಷ ಅಂತ ಇಬ್ಬರೂ ಒಪ್ಪಿದೆವು. ಸಾಲದ ಬಾಕಿ 22. ಉಳಿದ 36ರಲ್ಲಿ ಶುರುವಿನಲ್ಲಿ ನಾನು ಹಾಕಿದ್ದು 8, ಅವರು ಹಾಕಿದ್ದು 6. ಇಎಂಐ ಇಬ್ಬರೂ ಸಮ ಕಟ್ಟಿದ್ದೆವು. ಹಾಗಾಗಿ ಆ 14 ಕಳೆದು ಮಿಕ್ಕ 22ರಲ್ಲಿ ತಲಾ 11. ಮನೆ ನನಗೆ ಬೇಕಿದ್ದರೆ ಅವರಿಗೆ 17 ಲಕ್ಷ ಕೊಡಬೇಕು, ಸಾಲವನ್ನೂ ನಾನೇ ಹೊರಬೇಕು. ಒಂದು ಹಾಳೆಯಲ್ಲಿ ಬರೆದು ಮಧ್ಯಸ್ಥಿಕೆ ಕೇಂದ್ರದ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, 'ಸರಿಯಿದೆ' ಅಂದರು.

ನಿಜವಾದ ಕಷ್ಟ ಬ್ಯಾಂಕಿನದು. ಕೋರ್ಟು ಮದುವೆ ಬಿಡಿಸಿದರೂ ಸಾಲದಿಂದ ಯಾರ ಹೆಸರೂ ತಾನಾಗಿ ಹೋಗುವುದಿಲ್ಲ. ಹಕ್ಕು ಬಿಡುಗಡೆ ಪತ್ರ, ಅಂದರೆ ಅವರು ತಮ್ಮ ಪಾಲು ನನಗೆ ಬಿಟ್ಟುಕೊಟ್ಟ ಪತ್ರ ತನ್ನಿ, ಆಮೇಲೆ ಅವರ ಹೆಸರು ತೆಗೆಯುತ್ತೇವೆ ಅಂದಿತು ಬ್ಯಾಂಕು. 'ಮೊದಲು ಸಾಲದಿಂದ ನನ್ನ ಹೆಸರು ತೆಗೆಸು, ಆಮೇಲೆ ಸಹಿ' ಅಂದರು ಅವರು. ಅವರ ಭಯ ನ್ಯಾಯವಾದದ್ದೇ ಅಲ್ವಾ? ಮನೆ ಬಿಟ್ಟುಕೊಟ್ಟ ಮೇಲೂ ಸಾಲ ತಲೆಯ ಮೇಲೆ ಇರಬಾರದು. ಮೂರು ತಿಂಗಳು ಇಲ್ಲೇ ನಿಂತೆವು.

ಕೊನೆಗೆ ಬೇರೆ ಬ್ಯಾಂಕಿನಿಂದ ನನ್ನೊಬ್ಬಳ ಹೆಸರಿನಲ್ಲಿ 34 ಲಕ್ಷ ಮಂಜೂರು ಮಾಡಿಸಿದೆ. ಹಳೆ ಬ್ಯಾಂಕಿಗೆ 22ರ ಡಿಡಿ, ಅವರಿಗೆ 12ರದು. ಕಡಿಮೆಬಿದ್ದ 5ಕ್ಕೆ ಅಮ್ಮ ಕೊಟ್ಟ ಬಳೆ, ಸರ ಅಡವಿಟ್ಟೆ. ಎಲ್ಲ ಒಂದೇ ದಿನ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ. ಅವರು ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು ಹೊರಗೆ ಬಂದ ಮೇಲೆ ಬ್ಯಾಂಕಿನ ಹುಡುಗ ಡಿಡಿಗಳನ್ನು ಕೊಟ್ಟ. ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಬರುವ ಮೊದಲೇ ನೋಂದಣಿ ಮುಗಿಸಿ ಅಂತ ವಕೀಲರ ಸಲಹೆ. ಗಂಡ ಹೆಂಡತಿಯ ನಡುವಿನ ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ, ಡಿಕ್ರಿ ಆದ ಮೇಲೆ ಲೆಕ್ಕ ಬೇರೆಯಾಗಬಹುದು ಅಂದಿದ್ದರು. ಅರ್ಜಿ ಹಾಕಿದ ಮೇಲೆ ಕಾಯಬೇಕಿದ್ದ ಆರು ತಿಂಗಳು ನಮಗೆ ಹೀಗೆ ಉಪಯೋಗವಾಯಿತು.

ಸಾಮಾನು ಹಂಚಲು ಭಾನುವಾರ ಒಂದೇ ಸಾಕಾಯಿತು. ಸ್ಟೀಲು ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೆತ್ತಿರುತ್ತದಲ್ಲ, ತಿರುಗಿಸಿ ಓದಿ ಎರಡು ಗುಂಪು ಮಾಡಿದೆವು. ಗೃಹಪ್ರವೇಶಕ್ಕೆ ಅವರ ಅಕ್ಕ ಕೊಟ್ಟ ದೊಡ್ಡ ಡಬ್ಬಿಯ ಮೇಲೆ ಮಾತ್ರ ನಮ್ಮಿಬ್ಬರ ಹೆಸರೂ ಇತ್ತು. 'ಅಕ್ಕಿ ಹಾಕಿಡು' ಅಂತ ನನ್ನ ಕಡೆಗೆ ಸರಿಸಿದರು. ಆಗ ನನಗೆ ಅಳು ಬಂತು. ಕೋರ್ಟಿನಲ್ಲಿ ಬಂದಿರಲಿಲ್ಲ.

ಆಮೇಲೆ ಖಾತಾ, ಬೆಸ್ಕಾಂ ಮೀಟರು, ಅಪಾರ್ಟ್‌ಮೆಂಟ್ ಸಂಘದ ಪುಸ್ತಕ ಎಲ್ಲ ಬದಲಾಯಿಸಿದೆ. ಸುಮ್ನೆ ಇರಲಿ ಅಂತ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆಸಿದರೆ ಹಳೆ ಬ್ಯಾಂಕಿನ ಅಡಮಾನ ಇನ್ನೂ ಹಾಗೇ ತೋರಿಸುತ್ತಿತ್ತು. ಸಾಲ ತೀರಿದ್ದರೂ ಅಡಮಾನದ ಖುಲಾಸೆ ನೋಂದಣಿ ಆಗಿರಲಿಲ್ಲ. ಮತ್ತೆ ಎರಡು ವಾರ ಓಡಾಡಿದೆ. ಇಸಿಯಲ್ಲಿ ಆ ಖುಲಾಸೆಯ ಸಾಲು ಬಂದ ಮೇಲೆಯೇ ಫೈಲು ಕಟ್ಟಿ ಬೀರುವಿನಲ್ಲಿಟ್ಟೆ.